ಗ್ರಾಫಿಕ್ಸ್ ಚಿಪ್ ಕೈಕೊಟ್ಟಾಗ ಹೀಟ್ ಗನ್ ಹಿಡಿಯಬೇಡಿ

ಹಳೇ ಲ್ಯಾಪ್‌ಟಾಪ್ ಪರದೆಯಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಬಣ್ಣಬಣ್ಣದ ಚೌಕಗಳು ಮೂಡುತ್ತವೆ. ವಿಡಿಯೊ ನೋಡುವಾಗ ಪರದೆ ಕಪ್ಪಾಗುತ್ತದೆ, ಫ್ಯಾನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ.

ಈ ಹೊತ್ತಿನಲ್ಲಿ ಜನ ಮಾಡಿಕೊಳ್ಳುವ ಎಡವಟ್ಟುಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ ಬಿಸಿ ಮಾಡಿದರೆ ಸರಿಹೋಗುತ್ತದೆ ಎಂಬ ಮಾತು ನಂಬಿ, ನನ್ನ ಗೆಳೆಯನೊಬ್ಬ ಮದರ್‌ಬೋರ್ಡನ್ನು ಬಿಚ್ಚಿ ಓವನ್ನಿನಲ್ಲಿಟ್ಟ. ಬೋರ್ಡ್ ಹಾಳಾಯಿತು. ಆಮೇಲೆ ನೋಡಿದರೆ ಕೆಟ್ಟಿದ್ದು ಡಿಸ್‌ಪ್ಲೇ ಕೇಬಲ್ ಅಷ್ಟೇ. ನಮ್ಮ ಚಿಕ್ಕಪ್ಪ ಐದು ಸಲ ವಿಂಡೋಸ್ ಹೊಸದಾಗಿ ಹಾಕಿಸಿದರು. ಅವರದರಲ್ಲಿ ನಿಜವಾಗಿಯೂ ಚಿಪ್ ಕೆಟ್ಟಿತ್ತು. ಇಬ್ಬರೂ ಮಾಡಿದ ತಪ್ಪು ಒಂದೇ: ಎಲ್ಲಿ ಕೆಟ್ಟಿದೆ ಎಂದು ನೋಡುವ ಮೊದಲೇ ರಿಪೇರಿಗೆ ಇಳಿದರು.

ಹಂತ 1: ಫೈಲ್‌ಗಳನ್ನು ಉಳಿಸಿಕೊಳ್ಳಿ

ಪರದೆ ಕಾಣುತ್ತಿರುವಾಗಲೇ ಫೋಟೊ, ದಾಖಲೆ ಎಲ್ಲವನ್ನೂ ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಹಾಳೆಯಲ್ಲಿ ಬರೆದಿಡಿ. ಮುಂದೆ ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲೇ ಏಳುವ ಮೂಲ ಸೆಟ್ಟಿಂಗ್ ಮೆನು) ಏನಾದರೂ ಬದಲಿಸಿದರೆ ಅದನ್ನು ಕೇಳಬಹುದು.

ಹಂತ 2: ಕೆಟ್ಟಿರುವುದು ಯಾವುದು?

ಎಲ್ಲರೂ ಎಡವುವುದು ಇಲ್ಲೇ. ಆತುರ ಬೇಡ, ಒಂದು ಸಂಜೆ ಪೂರ್ತಿ ಬೇಕಾದರೂ ಕೊಡಿ.

ಮೊದಲ ಪರೀಕ್ಷೆ ಸುಲಭ. ಪರದೆಯಲ್ಲಿ ಗೆರೆ, ಚೌಕ ಕಾಣುತ್ತಿರುವಾಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಅದನ್ನು ಫೋನಿಗೆ ಕಳಿಸಿ, ಅಲ್ಲಿ ತೆರೆದು ನೋಡಿ. ಚಿತ್ರದಲ್ಲೂ ಗೆರೆಗಳಿದ್ದರೆ ತೊಂದರೆ ಚಿಪ್, ಮೆಮೊರಿ ಅಥವಾ ಡ್ರೈವರ್‌ನದು (ಚಿಪ್ ಅನ್ನು ನಡೆಸುವ ತಂತ್ರಾಂಶವೇ ಡ್ರೈವರ್). ಚಿತ್ರ ಸ್ವಚ್ಛವಾಗಿದ್ದರೆ ಮೊದಲ ಅನುಮಾನ ಕೇಬಲ್ ಅಥವಾ ಪರದೆಯ ಮೇಲೆ. ಆಗ ಮುಚ್ಚಳವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಮುಚ್ಚಳ ಆಡಿದ ಹಾಗೆ ಗೆರೆಗಳೂ ಬಂದು ಹೋಗುತ್ತಿದ್ದರೆ, ಹಿಂಜ್ ಒಳಗೆ ಹಾದುಹೋಗುವ ಡಿಸ್‌ಪ್ಲೇ ಕೇಬಲ್ ಸವೆದಿದೆ ಎಂದೇ ಹಿಡಿಯಿರಿ. ಅದು ಸಣ್ಣ ರಿಪೇರಿ.

ಆಮೇಲೆ ಹೊರಗಿನ ಮಾನಿಟರ್ ಹಚ್ಚಿ ನೋಡಿ. ಎರಡು ಪರದೆಯಲ್ಲೂ ಒಂದೇ ಥರದ ಕಲಸುಮೇಲೋಗರ ಕಂಡರೆ ಚಿಪ್ ಮೇಲಿನ ಅನುಮಾನ ಗಟ್ಟಿಯಾಯಿತು. ಇಲ್ಲೊಂದು ಸೂಕ್ಷ್ಮ ಇದೆ. ಎರಡು ಗ್ರಾಫಿಕ್ಸ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಒಂದು ಪ್ರೊಸೆಸರ್ ಒಳಗೇ ಇರುತ್ತದೆ, ಇನ್ನೊಂದು ಬೋರ್ಡ್ ಮೇಲೆ ಬೇರೆ ಕೂತಿರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಸ್ವಂತ ಪರದೆಗೆ ಚಿತ್ರ ಕಳಿಸುವುದು ಒಳಗಿನ ಚಿಪ್, ಎಚ್‌ಡಿಎಂಐಗೆ ಕಳಿಸುವುದು ಬೇರೆ ಚಿಪ್. ಹಾಗಾಗಿ ಸ್ವಂತ ಪರದೆ ಚೆನ್ನಾಗಿದ್ದು ಮಾನಿಟರ್ ಮಾತ್ರ ಕೆಟ್ಟದಾಗಿ ಕಂಡರೆ, ಮಾನಿಟರ್‌ ಕೇಬಲ್ಲನ್ನು ಒಮ್ಮೆ ಬದಲಿಸಿ ನೋಡಿ. ಆಗಲೂ ಹಾಗೇ ಇದ್ದರೆ ಬೇರೆ ಚಿಪ್ಪೇ ಸೋತಿರಬಹುದು.

ರ‍್ಯಾಮ್ ಮರೆಯಬೇಡಿ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ರ‍್ಯಾಮ್‌ನ ಒಂದು ಭಾಗವನ್ನೇ ಬಳಸುತ್ತದೆ. ರ‍್ಯಾಮ್ ಕೆಟ್ಟರೂ ಪರದೆಯಲ್ಲಿ ಚೌಕಗಳು ಬರುತ್ತವೆ. ರ‍್ಯಾಮ್ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ತಂತ್ರಾಂಶವನ್ನು ರಾತ್ರಿಯಿಡೀ ಓಡಲು ಬಿಡಿ.

ಈಗ ಚಿಕ್ಕಪ್ಪ ಎಡವಿದ ಜಾಗ. ಸೇಫ್ ಮೋಡ್‌ನಲ್ಲಿ ಲ್ಯಾಪ್‌ಟಾಪ್ ಚೆನ್ನಾಗಿ ನಡೆಯುತ್ತದೆ, ಮಾಮೂಲಿಯಾಗಿ ಶುರು ಮಾಡಿದರೆ ವಿಂಡೋಸ್ ಲೋಗೊ ಆದಮೇಲೆ ಪರದೆ ಕಪ್ಪಾಗುತ್ತದೆ. ಇದನ್ನು ನೋಡಿ ‘ಡ್ರೈವರ್ ಹಾಳಾಗಿದೆ’ ಅಂದುಕೊಳ್ಳುತ್ತಾರೆ. ಹಾಗೇ ಇರಬೇಕೆಂದಿಲ್ಲ. ಸೇಫ್ ಮೋಡ್‌ನಲ್ಲಿ ಓಡುವುದು ವಿಂಡೋಸ್‌ನ ಸರಳ ಡ್ರೈವರ್, ಅದು ಚಿಪ್‌ಗೆ ಭಾರದ ಕೆಲಸವನ್ನೇ ಕೊಡುವುದಿಲ್ಲ. ನಿಜವಾದ ಡ್ರೈವರ್ ಎದ್ದು ಚಿಪ್ ಅನ್ನು ದುಡಿಸಲು ಹೋದಾಗ ಅದು ಕುಸಿಯುತ್ತದೆ. ಹಳೇ ಡ್ರೈವರ್ ಪೂರ್ತಿ ಅಳಿಸಿ, ಲ್ಯಾಪ್‌ಟಾಪ್ ಕಂಪನಿಯೇ ಕೊಟ್ಟ ಡ್ರೈವರ್ ಹಾಕಿ ಒಂದು ಸಲ ನೋಡಿ. ಒಂದೇ ಸಲ ಸಾಕು. ಆಗಲೂ ಕಪ್ಪಾದರೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ. ಅದೂ ಮಧ್ಯದಲ್ಲಿ ನಿಂತು, ಗ್ರಾಫಿಕ್ಸ್ ಡ್ರೈವರ್ ಏಳದಂತೆ ತಡೆಯುವ ‘ನೋಮೋಡ್‌ಸೆಟ್’ ಆಯ್ಕೆ ಕೊಟ್ಟಾಗ ಮಾತ್ರ ತೆರೆದುಕೊಂಡರೆ, ಬಹುಪಾಲು ತಪ್ಪು ಚಿಪ್‌ನದೇ. ಮತ್ತೆ ಮತ್ತೆ ವಿಂಡೋಸ್ ಹಾಕಿ ಪ್ರಯೋಜನವಿಲ್ಲ.

ಹಂತ 3: ಒಳಗಿನ ಧೂಳು ತೆಗೆಯಿರಿ

ಚಿಪ್ ಸಾಯುವ ಮೊದಲೇ ಕೈಹಾಕಿದರೆ ಇಷ್ಟೇ ಸಾಕಾಗಬಹುದು. ಹೊರಗಿನಿಂದ ಗಾಳಿ ಊದಿದರೆ ಸುಮ್ನೆ ಸಮಾಧಾನ ಅಷ್ಟೇ. ಬ್ಯಾಟರಿ ಕನೆಕ್ಟರ್ ಮೊದಲು ಬಿಡಿಸಿ, ಫ್ಯಾನ್ ಬಿಚ್ಚಿ, ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ನೋಡಿ. ಹಳೇ ಕಂಬಳಿಯ ತುಂಡಿನ ಹಾಗೆ ಬೂದು ಬಣ್ಣದ ಧೂಳಿನ ಪದರ ಗಾಳಿ ಹೋಗುವ ದಾರಿಗೆ ಅಡ್ಡ ನಿಂತಿರುತ್ತದೆ. ಚಿಮಟದಿಂದ ಹಿಡಿದೆಳೆದರೆ ಇಡಿಯಾಗಿ ಎದ್ದು ಬರುತ್ತದೆ.

ಚಿಪ್‌ನ ಬಿಸಿ ಎಳೆದುಕೊಳ್ಳುವ ಲೋಹದ ಭಾಗದ, ಅಂದರೆ ಹೀಟ್ ಸಿಂಕ್‌ನ, ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಎಂದು ಅಚ್ಚಾಗಿರುತ್ತದೆ. ಬಿಚ್ಚುವಾಗ ಕೊನೆಯ ಅಂಕಿಯಿಂದ ಹಿಂದಕ್ಕೆ, ಕೂರಿಸುವಾಗ 1ರಿಂದ ಮುಂದಕ್ಕೆ, ಸ್ವಲ್ಪ ಸ್ವಲ್ಪವೇ ತಿರುಗಿಸಿ. ಚಿಪ್ ಮೇಲಿನ ಗಾಜಿನಂಥ ಭಾಗ ಒಂದೇ ಕಡೆ ಭಾರ ಬಿದ್ದರೆ ಮೂಲೆಯಲ್ಲಿ ಒಡೆಯುತ್ತದೆ. ಚಿಪ್ ಮತ್ತು ಹೀಟ್ ಸಿಂಕ್ ನಡುವೆ ಬಿಸಿ ದಾಟಿಸುವ ಪೇಸ್ಟ್ ಇರುತ್ತದೆ. ಒಣಗಿದ ಆ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಹೊಸ ಪೇಸ್ಟ್ ತೆಳುವಾಗಿ ಹಚ್ಚಿ. ಮೆಮೊರಿ ಚಿಪ್‌ಗಳ ಮೇಲೆ ಮೆತ್ತನೆಯ ಥರ್ಮಲ್ ಪ್ಯಾಡ್ ಇದ್ದರೆ ಅಲ್ಲಿ ಅದೇ ದಪ್ಪದ ಪ್ಯಾಡ್ ಹಾಕಬೇಕು. ಪೇಸ್ಟ್ ಆ ಸಂದನ್ನು ತುಂಬುವುದಿಲ್ಲ. ಲಿಕ್ವಿಡ್ ಮೆಟಲ್ ಪೇಸ್ಟ್ ಮಾತ್ರ ತರಲೇಬೇಡಿ. ಅದರಲ್ಲಿ ಗ್ಯಾಲಿಯಂ ಇರುತ್ತದೆ, ಅದು ಅಲ್ಯೂಮಿನಿಯಮ್ಮನ್ನು ತಿಂದುಹಾಕುತ್ತದೆ. ಬೋರ್ಡ್ ಮೇಲೆ ಒಂದು ಹನಿ ಬಿದ್ದರೂ ಶಾರ್ಟ್.

ಬಿಸಿ ಮಾಡುವುದು ಯಾಕೆ ಬೇಡ

ಓವನ್, ಬಿಸಿಗಾಳಿ ಊದುವ ಹೀಟ್ ಗನ್, ಫ್ಯಾನ್ ದಾರಿಗೆ ಬಟ್ಟೆ ಮುಚ್ಚಿ ಕಾಯಿಸುವುದು, ಎಲ್ಲವನ್ನೂ ಜನ ಮಾಡುತ್ತಾರೆ. ಕೆಲವೊಮ್ಮೆ ಪರದೆ ಮತ್ತೆ ಬರುತ್ತದೆ ಕೂಡ, ಅದಕ್ಕೇ ನಂಬುತ್ತಾರೆ. ಆದರೆ ಏನಾಗಿದೆ ನೋಡಿ. ಸಿಲಿಕಾನ್ ತುಂಡು ಒಂದು ಪುಟ್ಟ ಹಸಿರು ಹಲಗೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಸುಗೆ ಉಬ್ಬುಗಳ ಮೇಲೆ ನಿಂತಿದೆ. ಆ ಹಲಗೆ ದೊಡ್ಡ ಗುಂಡುಗಳ ಮೂಲಕ ಮದರ್‌ಬೋರ್ಡ್‌ಗೆ ಅಂಟಿದೆ. ಬಿಸಿಯಾದಾಗ ಸಿಲಿಕಾನ್ ಮತ್ತು ಹಲಗೆ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ. ವರ್ಷಗಟ್ಟಲೆ ಹಿಗ್ಗಿ ಕುಗ್ಗಿ ಕೊನೆಗೆ ಬಿರುಕು ಬಿಡುತ್ತದೆ, ಹೆಚ್ಚಾಗಿ ಚಿಪ್ ಒಳಗಿನ ಸಣ್ಣ ಉಬ್ಬುಗಳಲ್ಲೇ. ಬಿಸಿ ತಾಗಿದಾಗ ಬಿರುಕಿನ ಎರಡು ಬದಿ ಸ್ವಲ್ಪ ಹೊತ್ತು ಒಂದನ್ನೊಂದು ಮುಟ್ಟುತ್ತವೆ, ಅಷ್ಟೇ. ಕೆಲವು ವಾರಕ್ಕೆ ಮತ್ತೆ ಬಿಡುತ್ತವೆ. ಸೀಸವಿಲ್ಲದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಸೆಲ್ಸಿಯಸ್ ಬೇಕು. ಅಷ್ಟರಲ್ಲಿ ಬೋರ್ಡಿನ ಪ್ಲಾಸ್ಟಿಕ್ ಕನೆಕ್ಟರ್‌ಗಳು ಸೊಟ್ಟಗಾಗಿರುತ್ತವೆ. ಅಡುಗೆ ಓವನ್ ಆಗಿದ್ದರೆ ಅದರ ಹೊಗೆ ನಿಮ್ಮ ಊಟಕ್ಕೂ ತಾಗುತ್ತದೆ.

ಇದು ಬಳಸುವವರ ತಪ್ಪೇ ಆಗಿರಬೇಕೆಂದೇನಿಲ್ಲ. 2008ರಲ್ಲಿ ಎನ್ವಿಡಿಯಾ ಕಂಪನಿಯೇ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳ ಪ್ಯಾಕೇಜಿಂಗ್ ಸಾಮಗ್ರಿ ದುರ್ಬಲವೆಂದು ಒಪ್ಪಿಕೊಂಡು, ರಿಪೇರಿ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಹೇಳಿತ್ತು. ಆ್ಯಪಲ್ 2015ರಲ್ಲಿ, 2011ರಿಂದ 2013ರವರೆಗೆ ಮಾರಿದ ಕೆಲವು ಮ್ಯಾಕ್‌ಬುಕ್ ಪ್ರೊಗಳ ಗ್ರಾಫಿಕ್ಸ್ ತೊಂದರೆಯನ್ನು ಉಚಿತವಾಗಿ ಸರಿಪಡಿಸಲು ಕಾರ್ಯಕ್ರಮವನ್ನೇ ತೆರೆಯಿತು. ಅದು ಮುಗಿದು ವರ್ಷಗಳಾದವು. ನಿಮ್ಮ ಮಾಡೆಲ್‌ಗೆ ಇಂಥದ್ದೇನಾದರೂ ಇದೆಯೇ ಎಂದು ಹುಡುಕಿ ನೋಡುವುದು ಒಳ್ಳೆಯದು.

ಹಂತ 4: ಕೆಟ್ಟ ಚಿಪ್ ಆಫ್ ಮಾಡಿ

ನನ್ನ ಗಟ್ಟಿ ಸಲಹೆ ಇದೇ. ಪ್ರೊಸೆಸರ್ ಒಳಗೆ ಇನ್ನೊಂದು ಗ್ರಾಫಿಕ್ಸ್ ಇದ್ದರೆ ಅದರಲ್ಲೇ ಬದುಕಿ. ಬರವಣಿಗೆ, ಬ್ರೌಸಿಂಗ್, ಸಿನಿಮಾಗೆ ಅದು ಧಾರಾಳ ಸಾಕು.

ಮೊದಲು ಬಯಾಸ್‌ನಲ್ಲಿ ಹುಡುಕಿ. ‘ಸ್ವಿಚೆಬಲ್ ಗ್ರಾಫಿಕ್ಸ್’ ಎಂದೋ ‘ಗ್ರಾಫಿಕ್ಸ್ ಡಿವೈಸ್’ ಎಂದೋ ಇರುತ್ತದೆ, ಅದನ್ನು ‘ಇಂಟಿಗ್ರೇಟೆಡ್’ಗೆ ಬದಲಿಸಿ. ಅಲ್ಲಿ ಸಿಗದಿದ್ದರೆ ಮಾತ್ರ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಆ ಚಿಪ್ ಅನ್ನು ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಬೇಡ, ಅಪ್‌ಡೇಟ್ ಬಂದು ಡ್ರೈವರ್ ವಾಪಸ್ ಹಾಕಿಬಿಡುತ್ತದೆ. ಈ ದಾರಿಯಲ್ಲಿ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಿಪ್ ಸುಮ್ಮನೆ ಕೂತೇ ಬ್ಯಾಟರಿ ತಿನ್ನುತ್ತದೆ, ಅದಕ್ಕೇ ಬಯಾಸ್ ಮೇಲು ಅಂದಿದ್ದು.

ಒಂದೇ ಚಿಪ್ ಇರುವ ಲ್ಯಾಪ್‌ಟಾಪ್ ಆದರೆ ಈ ದಾರಿ ಇಲ್ಲ. ಆಗ ಉಳಿಯುವುದು ಚಿಪ್ ಬದಲಿಸುವುದು. ರೀಬಾಲಿಂಗ್ ಮಾಡುತ್ತೇವೆ ಅಂದರೆ ಒಪ್ಪಬೇಡಿ. ಅದರಲ್ಲಿ ಹೊಸದಾಗುವುದು ಹೊರಗಿನ ಗುಂಡುಗಳು ಮಾತ್ರ, ಒಳಗಿನ ಬಿರುಕು ಹಾಗೇ ಉಳಿಯುತ್ತದೆ. ಹೊಸ ಚಿಪ್ ಎಂದು ಹಳೇ ಬೋರ್ಡಿನಿಂದ ಕಿತ್ತು ಹೊಳಪು ಕೊಟ್ಟಿದ್ದನ್ನು ಹಾಕುವವರೂ ಇದ್ದಾರೆ. ಹಾಕುವ ಮೊದಲು ತೋರಿಸಿ ಅಂತ ಕೇಳಿ, ಗ್ಯಾರಂಟಿ ಎಷ್ಟು ತಿಂಗಳು ಅಂತ ಬರೆಸಿಕೊಳ್ಳಿ. ಒಂದೇ ತಿಂಗಳು ಅಂದರೆ ಆ ದುಡ್ಡನ್ನು ಇನ್ನೊಂದು ಲ್ಯಾಪ್‌ಟಾಪ್‌ಗೆ ಇಟ್ಟುಕೊಳ್ಳಿ.

ಬಯಾಸ್‌ನಲ್ಲಿ ಚಿಪ್ ಆಫ್ ಮಾಡಿದವರು ಇನ್ನೊಂದು ಕೆಲಸ ಮಾಡಬೇಕು. ಹಳೇ ಲ್ಯಾಪ್‌ಟಾಪ್ ಒಳಗಿನ ನಾಣ್ಯದಂಥ ಸಣ್ಣ ಸೆಲ್ ಸತ್ತರೆ ಬಯಾಸ್ ಸೆಟ್ಟಿಂಗ್ ಮೊದಲಿನಂತಾಗಿ, ಕೆಟ್ಟ ಚಿಪ್ ಮತ್ತೆ ಏಳಬಹುದು. ಆಗ ಪರದೆಯೇ ಕಾಣದಿದ್ದರೆ ಸರಿಮಾಡುವುದು ಕಷ್ಟ. ಧೂಳು ತೆಗೆಯಲು ಬಿಚ್ಚಿದಾಗಲೇ ಆ ಸೆಲ್ ಬದಲಿಸಿ. ಯಾವ ಮೆನುವಿನಲ್ಲಿ ಏನು ಬದಲಿಸಿದಿರಿ ಎಂದು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಅಡಿಗೆ ಅಂಟಿಸಿ, ಗಾಳಿ ಹೋಗುವ ಕಿಂಡಿಗಳನ್ನು ಬಿಟ್ಟು.