ಲೋಕಸಭೆ ಫಲಿತಾಂಶ ನೋಡಿ ಹೊಸ ಸರ್ಕಾರದ ಕೆಲಸದ ಪಟ್ಟಿ ಊಹಿಸುವುದು ಹೇಗೆ

ಫಲಿತಾಂಶದ ರಾತ್ರಿ ಟಿವಿ ಮುಂದೆ ಕೂತರೆ ಯಾರು ಗೆದ್ದರು ಎಂಬುದಷ್ಟೇ ಗೊತ್ತಾಗುತ್ತದೆ. ಗೆದ್ದವರ ಕೈಯಲ್ಲಿ ಏನಾದೀತು, ಯಾವುದನ್ನು ಸದ್ದಿಲ್ಲದೆ ಪಕ್ಕಕ್ಕಿಡುತ್ತಾರೆ ಎಂದು ತಿಳಿಯಲು ಸುಮಾರು ಎರಡು ತಿಂಗಳು ಬೇಕು, ಜೊತೆಗೊಂದು ನೋಟ್‌ಬುಕ್ ಬೇಕು. ಬಹಳ ಮಂದಿ ಪ್ರಣಾಳಿಕೆಯಿಂದ ಶುರು ಮಾಡಿ ಎಡವುತ್ತಾರೆ. ಪ್ರಣಾಳಿಕೆ ಬರೆಯುವಾಗ ಎಷ್ಟು ಸೀಟು ಬರುತ್ತದೆ ಎಂಬುದು ಬರೆದವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಮೊದಲು ಲೆಕ್ಕ, ಆಮೇಲೆ ಪ್ರಣಾಳಿಕೆ.

ಹಾಳೆಯ ಮೇಲ್ಗಡೆ ಮೂರು ಸಂಖ್ಯೆ ಬರೆದುಕೊಳ್ಳಿ. 543 ಸದಸ್ಯರ ಲೋಕಸಭೆಯಲ್ಲಿ ಬಹುಮತಕ್ಕೆ 272. ಎಲ್ಲರೂ ಹಾಜರಿದ್ದರೆ ಸಂವಿಧಾನ ತಿದ್ದುಪಡಿಗೆ ಬೇಕಾದ ಮೂರನೇ ಎರಡು ಭಾಗ, 362. ಮತ್ತು 245 ಸ್ಥಾನಗಳ ರಾಜ್ಯಸಭೆಯಲ್ಲಿ ಬಹುಮತಕ್ಕೆ 123. ಇವುಗಳ ಕೆಳಗೆ ಗೆದ್ದ ಪಕ್ಷದ ಸ್ವಂತ ಬಲ ಒಂದು ಸಾಲು, ಮೈತ್ರಿಕೂಟದ ಒಟ್ಟು ಬಲ ಇನ್ನೊಂದು ಸಾಲು. ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಮಾಡಬೇಡಿ, ವಿಷಯವೆಲ್ಲ ಅವೆರಡರ ನಡುವಿನ ಅಂತರದಲ್ಲೇ ಇದೆ.

2024ನ್ನೇ ಹಾಕಿ ನೋಡಿ. ಬಿಜೆಪಿಗೆ 240, ಅದರ ಮೈತ್ರಿಕೂಟವಾದ ಎನ್‌ಡಿಎಗೆ 293. ಹಿಂದಿನ ಸಲ ಬಿಜೆಪಿ ಒಂದಕ್ಕೇ 303 ಇತ್ತು. ಈಗ ಮಿತ್ರರನ್ನು ಒಬ್ಬೊಬ್ಬರಾಗಿ ಕಳೆಯಿರಿ. ಆಂಧ್ರದ ಟಿಡಿಪಿಯ 16 ಹೋದರೆ ಉಳಿಯುವುದು 277, ಸರ್ಕಾರ ನಿಲ್ಲುತ್ತದೆ. ಬಿಹಾರದ ಜೆಡಿಯುನ 12 ಮಾತ್ರ ಹೋದರೆ 281, ಆಗಲೂ ನಿಲ್ಲುತ್ತದೆ. ಇಬ್ಬರೂ ಹೋದರೆ 265, ಬೀಳುತ್ತದೆ. ಅಂದರೆ ಒಬ್ಬೊಬ್ಬರಿಗೂ ಚೌಕಾಸಿಯ ಬಲವಿದೆ, ಆದರೆ ಯಾರೊಬ್ಬರೂ ಒಂಟಿಯಾಗಿ ಬಾಗಿಲು ಹಾಕಲಾರರು. ಇಂಥ ಮಿತ್ರರಿಗೆ ಸಾಮಾನ್ಯವಾಗಿ ದುಡ್ಡು ಸಿಗುತ್ತದೆ, ಕಾಯಂ ಹಕ್ಕು ಸಿಗುವುದಿಲ್ಲ. ಆಗಿದ್ದೂ ಹಾಗೇ. 2024ರ ಜುಲೈ 22ರಂದು ಬಿಹಾರಕ್ಕೆ ವಿಶೇಷ ಸ್ಥಾನಮಾನ ಕೊಡಲಾಗದು ಎಂದು ಸಂಸತ್ತಿನಲ್ಲಿ ಲಿಖಿತ ಉತ್ತರ ಬಂತು. ಮರುದಿನದ ಬಜೆಟ್‌ನಲ್ಲಿ ಬಿಹಾರದ ರಸ್ತೆಗಳಿಗೆ 26,000 ಕೋಟಿ, ಆಂಧ್ರದ ರಾಜಧಾನಿ ಅಮರಾವತಿಗೆ 15,000 ಕೋಟಿ ರೂಪಾಯಿ ಘೋಷಣೆಯಾಯಿತು.

ಮೊತ್ತ ಕೇಳಿ ಕಣ್ಣರಳಿಸುವ ಮೊದಲು ಆ ಹಣ ಎಲ್ಲಿಂದ ಬರುತ್ತದೆ ಎಂದು ನೋಡಿ. ಅಮರಾವತಿಯ ಹಣವನ್ನು ವಿಶ್ವಬ್ಯಾಂಕ್‌ನಂಥ ಬಹುಪಕ್ಷೀಯ ಅಭಿವೃದ್ಧಿ ಸಂಸ್ಥೆಗಳ ಮೂಲಕ ಹೊಂದಿಸುವುದಾಗಿ ಬಜೆಟ್ ಭಾಷಣವೇ ಹೇಳಿತ್ತು. ಭಾಷಣದಲ್ಲಿ "ಹೊಂದಿಸಿಕೊಡುತ್ತೇವೆ" ಎಂದು ಬಂದರೆ ಪೆನ್ಸಿಲ್‌ನಲ್ಲಿ ಬರೆಯಿರಿ. ಸಚಿವಾಲಯದ ಅನುದಾನ ಬೇಡಿಕೆಯಲ್ಲಿ, ಅಂದರೆ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಕೇಳುವ ಪಟ್ಟಿಯಲ್ಲಿ, ಸಾಲು ಕಂಡರೆ ಮಾತ್ರ ಪೆನ್ನು ಹಿಡಿಯಿರಿ.

ಎರಡನೇ ಕೆಲಸ, ತಾರೀಖುಗಳನ್ನು ಗುರುತು ಹಾಕಿಕೊಳ್ಳುವುದು. 2024ರಲ್ಲಿ ಜೂನ್ 4ಕ್ಕೆ ಫಲಿತಾಂಶ, 9ಕ್ಕೆ ಪ್ರಮಾಣವಚನ, 10ಕ್ಕೆ ಮೊದಲ ಸಂಪುಟ ಸಭೆ, 27ಕ್ಕೆ ರಾಷ್ಟ್ರಪತಿ ಭಾಷಣ, ಜುಲೈ 23ಕ್ಕೆ ಪೂರ್ಣ ಬಜೆಟ್. ಮೊದಲ ಸಂಪುಟ ಸಭೆಯ ತೀರ್ಮಾನಕ್ಕೆ ಸಾಂಕೇತಿಕ ತೂಕ ಜಾಸ್ತಿ. 2019ರಲ್ಲಿ ಪಿಎಂ ಕಿಸಾನ್ ಎಲ್ಲ ರೈತರಿಗೂ ವಿಸ್ತರಣೆಯಾಯಿತು, 2024ರಲ್ಲಿ ಇನ್ನೂ 3 ಕೋಟಿ ಮನೆಗಳಿಗೆ ಒಪ್ಪಿಗೆ ಸಿಕ್ಕಿತು. ಎರಡೂ ಹೊಸ ಯೋಜನೆಗಳಲ್ಲ, ನಡೆಯುತ್ತಿದ್ದುದರ ಮುಂದುವರಿಕೆ. ರಾಷ್ಟ್ರಪತಿ ಭಾಷಣವನ್ನು ಬರೆಯುವುದು ಸರ್ಕಾರವೇ. ಪ್ರಣಾಳಿಕೆಯಲ್ಲಿದ್ದು ಭಾಷಣದಲ್ಲಿ ಕಾಣದ ಅಂಶಗಳಿಗೆ ಕೆಂಪು ಗೀಟು ಹಾಕಿ. ಇದ್ದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು ಮಾತಾಡುತ್ತದೆ.

ಖಾತೆ ಹಂಚಿಕೆಗೆ ಮಾಧ್ಯಮಗಳು ಕೊಡುವಷ್ಟು ಬೆಲೆ ನಾವು ಕೊಡುವುದಿಲ್ಲ. ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ ಈ ನಾಲ್ಕೂ ದೊಡ್ಡ ಪಕ್ಷದ ಬಳಿಯೇ ಉಳಿದವೇ ಎಂದು ನೋಡಿ, ಅಷ್ಟು ಸಾಕು. ಎರಡೇ ಸೀಟಿನ ಜೆಡಿಎಸ್‌ಗೆ ಭಾರೀ ಕೈಗಾರಿಕೆ ಮತ್ತು ಉಕ್ಕು ಖಾತೆ ಸಿಕ್ಕಿತು. ಅದು 272ರ ಲೆಕ್ಕವಲ್ಲ, ಕರ್ನಾಟಕದ ಲೆಕ್ಕ. ಆದರೂ ಅಂಥ ಖಾತೆಯಿಂದ ಊರಿಗೆ ಏನೂ ಬಾರದು ಎನ್ನುವಂತಿಲ್ಲ. ಎಲೆಕ್ಟ್ರಿಕ್ ಬಸ್ಸುಗಳಿಗೆ ನೆರವು ಕೊಡುವ ಪಿಎಂ ಇ-ಡ್ರೈವ್ ಯೋಜನೆ ಭಾರೀ ಕೈಗಾರಿಕೆ ಸಚಿವಾಲಯದ್ದೇ.

ಸೀಟು ಕಡಿಮೆಯಾದರೆ ವಿಷಯಕ್ಕಿಂತ ಮೊದಲು ಬದಲಾಗುವುದು ವಿಧಾನ. 2019ರ ಮೇ 23ರ ಫಲಿತಾಂಶದ ನಂತರ ಮೂರು ತಿಂಗಳೊಳಗೆ, ಆಗಸ್ಟ್ 5ರಂದು, 370ನೇ ವಿಧಿಯ ತೀರ್ಮಾನ ಬಂತು. ಹಿಂದಿನ ದಿನದವರೆಗೂ ಗುಟ್ಟು. 2024ರ ಆಗಸ್ಟ್‌ನಲ್ಲಿ ವಕ್ಫ್ ತಿದ್ದುಪಡಿ ಮಸೂದೆ ಮಂಡನೆಯಾಗುತ್ತಲೇ ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಅದೇ ತಿಂಗಳು ಕೇಂದ್ರ ಸರ್ಕಾರದ 45 ಉನ್ನತ ಹುದ್ದೆಗಳಿಗೆ ಹೊರಗಿನಿಂದ ನೇರ ನೇಮಕಾತಿಗೆ ಹೊರಟ ಜಾಹೀರಾತು, ಮಿತ್ರಪಕ್ಷಗಳೂ ಗೊಣಗಿದ್ದರಿಂದ, ಕೆಲವೇ ದಿನಗಳಲ್ಲಿ ವಾಪಸ್ಸಾಯಿತು. ಇಲ್ಲೇ ಓದುಗರು ಎಡವುವುದು: ಸಮಿತಿಗೆ ಹೋಯಿತೆಂದರೆ ಸತ್ತುಹೋಯಿತು ಎಂದುಕೊಳ್ಳುತ್ತಾರೆ. ವಕ್ಫ್ ಮಸೂದೆ 2025ರ ಏಪ್ರಿಲ್‌ನಲ್ಲಿ ಎರಡೂ ಸದನಗಳಲ್ಲಿ ಪಾಸಾಯಿತು. ಸಮಿತಿ ಎಂದರೆ ತಡ, ನಿಲುಗಡೆಯಲ್ಲ.

ಸಂವಿಧಾನ ತಿದ್ದುಪಡಿಯ ಮಾತು ಬಂದರೆ ಮಾತ್ರ ಮತ ಎಣಿಸಿ. 2024ರ ಡಿಸೆಂಬರ್ 17ರಂದು ಏಕಕಾಲದ ಚುನಾವಣೆಯ ಮಸೂದೆ ಮಂಡಿಸಲು 269 ಪರ, 198 ವಿರುದ್ಧ ಮತ ಬಿದ್ದವು. ಮಂಡನೆಗೆ ಸರಳ ಬಹುಮತ ಸಾಕು, ಆದ್ದರಿಂದ ಸರ್ಕಾರ ಗೆದ್ದಿತು. ಆದರೆ ಒಟ್ಟು ಮತ 467, ಅದರ ಮೂರನೇ ಎರಡು ಭಾಗ 312. ಅದೇ ದಿನ ಅಂತಿಮ ಮತದಾನವಾಗಿದ್ದರೆ 43 ಮತ ಕಡಿಮೆ ಬೀಳುತ್ತಿತ್ತು. ಯಾವ ಸಂಪಾದಕೀಯಕ್ಕಿಂತಲೂ ಈ ಒಂದು ಕಳೆಯುವ ಲೆಕ್ಕ ಮೇಲು.

ಲೋಕಸಭೆಯಲ್ಲಿ ಬಲ ತುಂಬಿ ತುಳುಕಿದರೂ ರಾಜ್ಯಸಭೆ ಕಾಲೆಳೆಯಬಹುದು. 2014ರಲ್ಲಿ ಬಿಜೆಪಿಗೆ ಒಂಟಿಯಾಗಿಯೇ 282 ಇತ್ತು. ಆದರೂ ರಾಜ್ಯಸಭೆಯಲ್ಲಿ ಬಹುಮತವಿಲ್ಲದೆ, ಭೂಸ್ವಾಧೀನ ಕಾಯ್ದೆಯ ತಿದ್ದುಪಡಿಯನ್ನು ಸುಗ್ರೀವಾಜ್ಞೆಯಾಗಿ (ಸಂಸತ್ತು ಸೇರದಿರುವಾಗ ಹೊರಡಿಸುವ ತಾತ್ಕಾಲಿಕ ಕಾನೂನು) ಮತ್ತೆ ಮತ್ತೆ ಹೊರಡಿಸಿ, ಕೊನೆಗೆ 2015ರ ಆಗಸ್ಟ್‌ನಲ್ಲಿ ಕೈಬಿಟ್ಟರು. ಸುಗ್ರೀವಾಜ್ಞೆ ಕಂಡರೆ ಸಂಸತ್ತು ಮತ್ತೆ ಸೇರಿದ ದಿನದಿಂದ ಆರು ವಾರ ಎಣಿಸಿ, ಅಷ್ಟರಲ್ಲಿ ಕಾಯ್ದೆಯಾಗದಿದ್ದರೆ ಅದರ ಆಯುಸ್ಸು ಮುಗಿಯಿತು. ತೆರಿಗೆ, ಸರ್ಕಾರದ ಖರ್ಚಿನಂಥ ವಿಷಯಕ್ಕಷ್ಟೇ ಸೀಮಿತವಾದ ಧನ ವಿಧೇಯಕಕ್ಕೆ ಈ ಕಾಟವಿಲ್ಲ. ರಾಜ್ಯಸಭೆ ಅದನ್ನು 14 ದಿನ ಮಾತ್ರ ಹಿಡಿದಿಡಬಹುದು.

ಇನ್ನು ನಮ್ಮ ಊರಿನ ವಿಷಯ. ಬೆಂಗಳೂರಿನವರು ದೆಹಲಿಯ ಫಲಿತಾಂಶದಿಂದ ರಸ್ತೆ ಗುಂಡಿ, ಕಸ, ಕಾವೇರಿ ನೀರಿನ ಸಂಪರ್ಕವನ್ನು ನಿರೀಕ್ಷಿಸಿ ಪ್ರಯೋಜನವಿಲ್ಲ, ಅವು ವಿಧಾನಸೌಧ ಮತ್ತು ಪಾಲಿಕೆಯ ಲೆಕ್ಕ. ಪಟ್ಟಿಯಲ್ಲಿ ಮೂರೇ ಇರಲಿ: ಮೆಟ್ರೊ, ರೈಲು, ತೆರಿಗೆ ಪಾಲು.

ಮೆಟ್ರೊ ಕೇಂದ್ರ ಮತ್ತು ರಾಜ್ಯದ ಜಂಟಿ ಕಂಪನಿ. ಆದ್ದರಿಂದ ಕೇಂದ್ರ ಸಂಪುಟದ ಒಪ್ಪಿಗೆಯ ತಾರೀಖು ಮುಖ್ಯ. 44.65 ಕಿಲೋಮೀಟರ್ ಉದ್ದದ, 15,611 ಕೋಟಿ ರೂಪಾಯಿಯ ಮೂರನೇ ಹಂತಕ್ಕೆ ಅದು 2024ರ ಆಗಸ್ಟ್ 16ರಂದು ಸಿಕ್ಕಿತು. ರೈಲಿಗೆ ಬಜೆಟ್ ಭಾಷಣ ಕೇಳಿ ಕೂತರೆ ಆಗದು. ಯಾವ ಕಾಮಗಾರಿಗೆ ಎಷ್ಟು ಹಣ ಎಂದು ತೋರಿಸುವ ರೈಲ್ವೆಯ ಪಿಂಕ್ ಬುಕ್ ತೆಗೆದು ನೈಋತ್ಯ ರೈಲ್ವೆಯ ಪುಟಗಳಿಗೆ ಹೋಗಿ. ಕೆಲವು ಕಾಮಗಾರಿಗಳ ಎದುರು ಒಂದು ಸಾವಿರ ರೂಪಾಯಿ ಎಂದಿರುತ್ತದೆ. ಅಚ್ಚಿನ ತಪ್ಪಲ್ಲ ಅದು, ಯೋಜನೆಯ ಹೆಸರು ಪಟ್ಟಿಯಿಂದ ಬಿದ್ದುಹೋಗದಿರಲಿ ಎಂದು ಇಟ್ಟ ಟೋಕನ್. ಆ ವರ್ಷ ಅಲ್ಲಿ ಗುದ್ದಲಿ ಬೀಳುವುದಿಲ್ಲ. 2020ರಲ್ಲಿ ಒಪ್ಪಿಗೆ ಪಡೆದ 148 ಕಿಲೋಮೀಟರ್‌ನ ಉಪನಗರ ರೈಲಿಗೆ ಎಷ್ಟಿಟ್ಟಿದ್ದಾರೆ ಎಂಬುದನ್ನು ಪ್ರತಿ ವರ್ಷ ಒಂದೇ ಕಾಲಂನಲ್ಲಿ ಬರೆದಿಡಿ. ಕೇಂದ್ರದ ತೆರಿಗೆಯಲ್ಲಿ ರಾಜ್ಯಕ್ಕೆ ಸಿಗುವ ಪಾಲು ಮಾತ್ರ ಚುನಾವಣೆಯ ಗಾಳಿಗೆ ಅಲುಗಾಡುವುದಿಲ್ಲ, ಅದನ್ನು ಹೇಳುವುದು ಹಣಕಾಸು ಆಯೋಗ. 14ನೇ ಆಯೋಗದಲ್ಲಿ 4.713 ಪರ್ಸೆಂಟ್ ಇದ್ದ ಕರ್ನಾಟಕದ ಪಾಲು 15ನೆಯದರಲ್ಲಿ 3.647ಕ್ಕೆ ಇಳಿಯಿತು. ರಾಜ್ಯದಿಂದ ಎಷ್ಟು ಸಂಸದರು ಯಾವ ಪಕ್ಷದಿಂದ ಗೆದ್ದರು ಎಂಬುದು ಈ ಸೂತ್ರದೊಳಗಿಲ್ಲ.

ಕೊನೆಯದಾಗಿ ಎರಡು ತಪಾಸಣೆ. ಪಾಸಾದ ಕಾಯ್ದೆ ಜಾರಿಯಾಯಿತೇ ಎಂದು ರಾಜ್ಯಪತ್ರದ ಅಧಿಸೂಚನೆಯಲ್ಲಿ ಹುಡುಕಿ. ನಾಲ್ಕು ಕಾರ್ಮಿಕ ಸಂಹಿತೆಗಳು 2019 ಮತ್ತು 2020ರಲ್ಲೇ ಪಾಸಾಗಿ 2025ರ ನವೆಂಬರ್‌ವರೆಗೆ ಕಪಾಟಿನಲ್ಲಿದ್ದವು. ಮುಂದಿನ ಫೆಬ್ರುವರಿಯ ಬಜೆಟ್ ಬಂದಾಗ ಹಳೆಯ ನೋಟ್‌ಬುಕ್ ತೆರೆದು, ಬಜೆಟ್ ಅಂದಾಜಿನ ಪಕ್ಕದಲ್ಲಿರುವ ಪರಿಷ್ಕೃತ ಅಂದಾಜಿನ (ವರ್ಷದ ನಡುವೆ ತಿದ್ದಿದ ಲೆಕ್ಕದ) ಕಾಲಂ ನೋಡಿ. ಅಲ್ಲಿ ಮೊತ್ತ ಅರ್ಧಕ್ಕಿಳಿದಿದ್ದರೆ ಆ ಭರವಸೆಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಮುಂದಿನ ಸಾಲಿಗೆ ಹೋಗಿ.