ಮೋಲ್ಟನ್ ಕೊಟ್ಟಿಗೆಯನ್ನು ಜಲವರ್ಣದಲ್ಲಿ ಬರೆಯುವ ಕ್ರಮ

ಅಮೆರಿಕದ ವಯೋಮಿಂಗ್‌ನಲ್ಲಿರುವ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನದೊಳಗೆ ಮಾರ್ಮನ್ ರೋ ಎಂಬ ಹಳೆಯ ಒಕ್ಕಲುಮನೆಗಳ ಸಾಲಿದೆ. 1890ರ ದಶಕದಿಂದ ವಲಸೆ ಬಂದು ನೆಲೆಸಿದ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಕುಟುಂಬಗಳದ್ದು. ಅಲ್ಲಿ ಥಾಮಸ್ ಆಲ್ಮಾ ಮೋಲ್ಟನ್ ಮತ್ತು ಮಕ್ಕಳು 1912ರಿಂದ ಮೂವತ್ತಕ್ಕೂ ಹೆಚ್ಚು ವರ್ಷ ಹಂತಹಂತವಾಗಿ ಕಟ್ಟಿದ ಮರದ ಕೊಟ್ಟಿಗೆ ಚಿತ್ರಕಾರರ ಅಚ್ಚುಮೆಚ್ಚು. ಹೆಚ್ಚಿನವರು ಸೋಲುವುದು ಅದರ ಹಿಂದೆ ಕಾಣುವ ಟೀಟನ್ ಬೆಟ್ಟಸಾಲಿನ ಮೋಹಕ್ಕೆ. ಬೆಟ್ಟ ಗಾಢವಾದರೆ ಕೊಟ್ಟಿಗೆ ಅದರಲ್ಲೇ ಮುಳುಗುತ್ತದೆ.

300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ), ಪೂರ್ತಿ ಹತ್ತಿಯ ಕೋಲ್ಡ್ ಪ್ರೆಸ್ (ತುಸು ತರಿಯಾದ ಮೈಯ) ಕಾಗದ, ಸುಮಾರು 28×38 ಸೆಂ.ಮೀ. ಅಳತೆಯದು, ಸಾಕು. ಬಣ್ಣ ನಾಲ್ಕೇ: ಅಲ್ಟ್ರಾಮರೀನ್ (ಗಾಢ ನೀಲಿ), ಕೋಬಾಲ್ಟ್ ನೀಲಿ, ಬರ್ಂಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣಿನ ಹಳದಿ). ಕಪ್ಪು ಬಣ್ಣದ ಟ್ಯೂಬ್ ಬೇಡ. ಹಳೆಯ ಮರ ಅದರಲ್ಲಿ ಸತ್ತಂತೆ ಕಾಣುತ್ತದೆ. 12 ಮತ್ತು 6ನೇ ನಂಬರಿನ ದುಂಡು ಕುಂಚ, ಒಂದು ರಿಗರ್ (ತೆಳು ಗೆರೆ ಎಳೆಯುವ ಉದ್ದ ಕೂದಲಿನ ಸಣ್ಣ ಕುಂಚ), ಕೂದಲು ಸವೆದ ಹಳೆಯ ಚಪ್ಪಟೆ ಕುಂಚ ಇರಲಿ.

ಕಟ್ಟಡವನ್ನು ಕಟ್ಟಿದ ರೀತಿಯಲ್ಲೇ ಗೆರೆ ಹಾಕಿ. ಮೊದಲು ಕಡಿದಾದ ಮಾಡಿನ ಮಧ್ಯಭಾಗ, ಆಮೇಲೆ ಎರಡು ಪಕ್ಕಕ್ಕೆ ಒರಗಿದ ಇಳಿಜಾರು ಮಾಡುಗಳು. ಎರಡೂ ಬೇರೆ ಬೇರೆ ಕಾಲದಲ್ಲಿ ಸೇರಿದವು, ಕನ್ನಡಿಯ ಪ್ರತಿಬಿಂಬದಂತೆ ಒಂದೇ ಸಮ ಮಾಡಬೇಡಿ. ಕೊಟ್ಟಿಗೆ ಕಾಗದದ ನಡುವೆ ಬಾರದಿರಲಿ.

ಆಕಾಶ ಮತ್ತು ಬೆಟ್ಟಕ್ಕೆ ನೀರು ಹೆಚ್ಚಿರುವ ಕೋಬಾಲ್ಟ್. ಒದ್ದೆಯಿರುವಾಗಲೇ ಬೆಟ್ಟದ ಬುಡಕ್ಕೆ ಚೂರು ಓಕರ್ ಬಿಡಿ. ಹಿಮವಿರುವಲ್ಲಿ ಕಾಗದ ಖಾಲಿ ಇರಲಿ. ಅರ್ಧ ಒಣಗಿದ ವಾಶ್‌ಗೆ (ನೀರು ಬೆರೆಸಿ ಹರಡಿದ ತೆಳು ಬಣ್ಣದ ಪದರಕ್ಕೆ) ನೀರು ತುಂಬಿದ ಕುಂಚ ತಾಗಿಸಿದರೆ ಹೂಕೋಸಿನಂಥ ಕಲೆ ಏಳುತ್ತದೆ, ಏಕೆಂದರೆ ಹೊಸ ನೀರು ಬಣ್ಣದ ಕಣಗಳನ್ನು ಅಂಚಿಗೆ ತಳ್ಳುತ್ತದೆ. ಅಲ್ಲೇ ಕೂತು ಬರೆಯುವವರು ಇನ್ನೂ ಎಚ್ಚರ ವಹಿಸಬೇಕು: ಸುಮಾರು ಎರಡು ಸಾವಿರ ಮೀಟರ್ ಎತ್ತರದ ಒಣಗಾಳಿಗೆ ವಾಶ್ ಬೇಗ ಆರುತ್ತದೆ. ಬಣ್ಣವನ್ನು ಮೊದಲೇ ಧಾರಾಳವಾಗಿ ಕಲೆಸಿಟ್ಟುಕೊಳ್ಳಿ.

ಕೊಟ್ಟಿಗೆಯ ಮುಖ ಪೂರ್ವಕ್ಕಿದೆ, ಬೆಟ್ಟ ಪಶ್ಚಿಮಕ್ಕೆ. ಹಾಗಾಗಿ ಬೆಳಗಿನ ಬಿಸಿಲೇ ಸರಿ. ಬೇಸಿಗೆಯಲ್ಲಿ ಸೂರ್ಯ ಈಶಾನ್ಯದ ಕಡೆ ಹುಟ್ಟುವುದರಿಂದ ಮುಂಜಾನೆ ದಕ್ಷಿಣದ ಗೋಡೆ ನೆರಳಲ್ಲಿರುತ್ತದೆ, ಕಟ್ಟಡದ ಘನರೂಪ ಚೆನ್ನಾಗಿ ಕಾಣುತ್ತದೆ. ಬಿಸಿಲಿನ ಮುಖಕ್ಕೆ ಓಕರ್ ಜತೆ ಚೂರು ಬರ್ಂಟ್ ಸಿಯೆನ್ನಾದ ತೆಳು ವಾಶ್ ಹಾಕಿ, ಪೂರ್ತಿ ಒಣಗಲು ಬಿಡಿ. ಬೆರಳ ಹಿಂಬದಿಗೆ ಕಾಗದ ತಣ್ಣಗೆ ತಾಗಿದರೆ ಇನ್ನೂ ತೇವವಿದೆ ಎಂದರ್ಥ. ನೆರಳಿಗೆ ಎರಡು ಪಾಲು ಅಲ್ಟ್ರಾಮರೀನ್, ಒಂದು ಪಾಲು ಬರ್ಂಟ್ ಸಿಯೆನ್ನಾ. ಗೋಡೆ, ಸೂರಿನ ಕೆಳಗಿನ ಪಟ್ಟಿ, ನೆಲದ ನೆರಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಎಳೆಯಿರಿ. ಮತ್ತೆ ಮತ್ತೆ ತಿದ್ದಿದರೆ ಕೆಳಗಿನ ಪದರ ಕದಡಿ ಕೆಸರಾಗುತ್ತದೆ. ತೆಳುವಾಗಿದೆ ಅನ್ನಿಸಿದರೂ ಒಣಗುವವರೆಗೆ ಕೈ ಹಚ್ಚಬೇಡಿ.

ಹಲಗೆಗಳಿಗೆ ಸವೆದ ಕುಂಚವನ್ನು ಬಟ್ಟೆಗೆ ಒರೆಸಿ, ಹಲಗೆ ಓಡುವ ದಿಕ್ಕಿಗೆ ಹಗುರವಾಗಿ ಸವರಿ. ಕಾಗದದ ತರಿಯೇ ಮರದ ನಾರನ್ನು ಮೂಡಿಸುತ್ತದೆ. ಪ್ರತಿ ಹಲಗೆಯನ್ನೂ ಗೆರೆಯಿಂದ ಬೇರೆ ಮಾಡಿದರೆ ಅದು ಪ್ಯಾಕಿಂಗ್ ಪೆಟ್ಟಿಗೆ.

ಕೊಟ್ಟಿಗೆಯ ಮುಂದಿರುವ ಸೇಜ್ ಎಂಬ ಬೂದುಹಸಿರು ಕುರುಚಲು ಪೊದೆಗಳಿಗೆ ಕೋಬಾಲ್ಟ್-ಓಕರ್‌ನ ಮಂಕು ಹಸಿರು. ಎದ್ದುಕಾಣುವ ಹುಲ್ಲುಹಸಿರು ಆ ಬಯಲಿಗೆ ಒಗ್ಗದು. ಬೇಲಿಯ ಗೂಟಗಳಿದ್ದರೆ ರಿಗರ್‌ನಲ್ಲಿ ನಾಲ್ಕೈದು ಎಳೆದು ಅಲ್ಲಿಗೇ ಸಾಕುಮಾಡಿ.