ಫುಲ್ ಟರ್ಮ್‌ಗೆ ಕನ್ನಡ ಹುಡುಕಿದ್ದು: ನನ್ನ ಅನುಭವ

ಗದಗಿನ ಒಂದು ಪ್ರೆಸ್ಸಿನ ಅಟ್ಟದ ಮೇಲೆ ನನ್ನ ಎರಡು ಸಾವಿರ ಕರಪತ್ರ ಇವತ್ತಿಗೂ ಬಿದ್ದಿವೆ. ದಪ್ಪ ಅಕ್ಷರದ ತಲೆಬರಹ: ‘ಪೂರ್ಣಾವಧಿ ಗರ್ಭಿಣಿಯರ ಗಮನಕ್ಕೆ’. ಇಂಗ್ಲಿಷಿನ ‘ಫುಲ್ ಟರ್ಮ್’ಗೆ, ಅಂದರೆ ಬಸುರಾಗಲಿ ಅಧಿಕಾರವಾಗಲಿ ಪೂರಾ ಕಾಲ ಮುಗಿಸಿದ್ದಕ್ಕೆ, ನಾನು ಹಾಕಿದ ಕನ್ನಡ ಅದು. ಹಂಚುವ ಮೊದಲು ಒಬ್ಬ ಆಶಾ ಕಾರ್ಯಕರ್ತೆಗೆ ತೋರಿಸಿದೆ. ಓದಿ ನಕ್ಕುಬಿಟ್ಟರು. “ಹಂಗಾರ ಪಾರ್ಟ್ ಟೈಮ್ ಬಸುರ್ಯಾರೂ ಇರ್ತಾರೇನ್ರಿ ಸರ?” ಕಾಗದ, ಪ್ರಿಂಟಿಂಗ್ ಎಲ್ಲ ಸೇರಿ ಆರು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಯಿತು. ಆ ಕೆಲಸಕ್ಕೆ ನನಗೆ ಬಂದಿದ್ದು ಒಂಬತ್ತು ನೂರು.

ತಪ್ಪು ಆ ಅಕ್ಕಾರದಲ್ಲ. ‘ಪೂರ್ಣಾವಧಿ’ಯನ್ನು ಜನ ನೋಡಿರುವುದು ‘ಪೂರ್ಣಾವಧಿ ಸೇಲ್ಸ್‌ಮನ್ ಬೇಕಾಗಿದ್ದಾರೆ’ ಎಂಬ ಜಾಹೀರಾತಿನಲ್ಲಿ. ಫುಲ್ ಟೈಮ್‌ಗೂ ಅದೇ, ಫುಲ್ ಟರ್ಮ್‌ಗೂ ಅದೇ. ಮುಖ್ಯಮಂತ್ರಿ ಐದು ವರ್ಷ ಇರುತ್ತಾರೋ ಇಲ್ಲವೋ ಎಂಬ ಸುದ್ದಿಯಲ್ಲೂ ಅದೇ. ಇಷ್ಟು ಕಡೆ ದುಡಿದ ಪದ ಹೆರಿಗೆ ಕೋಣೆಗೆ ಹೋದರೆ ಯಾರೂ ಗುರುತು ಹಿಡಿಯುವುದಿಲ್ಲ.

ನಾನು ಧಾರವಾಡದಲ್ಲಿ ಕೂತು ಅನುವಾದ ಮಾಡುವವನು. ಹದಿನೈದು ವರ್ಷ ಆಗಿರಬೇಕು. ಹೊಟ್ಟೆ ತುಂಬಿಸುವ ಕೆಲಸ ಎರಡು: ತಾಯಿ-ಮಗುವಿನ ಆರೋಗ್ಯದ ಕರಪತ್ರ, ಪಂಚಾಯ್ತಿ ಸದಸ್ಯರ ತರಬೇತಿ ಕೈಪಿಡಿ. ಎರಡರಲ್ಲೂ ಈ ಫುಲ್ ಟರ್ಮ್ ಎದುರಾಗುತ್ತದೆ. ಎರಡಕ್ಕೂ ಒಂದೇ ಕನ್ನಡ ಬೇಕು ಅನ್ನುವ ಹಟ ಯಾಕೆ ಅಂತ ಗೆಳೆಯರು ಕೇಳಿದ್ದುಂಟು. ಸ್ವಂತ ಪದಪಟ್ಟಿ ಇಟ್ಟುಕೊಂಡವರಿಗೆ ಗೊತ್ತಿರುತ್ತದೆ. ಒಂದು ಪದಕ್ಕೆ ನಾಲ್ಕು ಕನ್ನಡ ಇದ್ದರೆ, ರಾತ್ರಿ ಹನ್ನೊಂದಕ್ಕೆ ಬೆರಳು ತಪ್ಪಾದದ್ದನ್ನೇ ಒತ್ತುತ್ತದೆ.

‘ನವಮಾಸ ತುಂಬಿದ’ ಅಂತ ಹಾಕಿ ನೋಡಿದೆ. ಹರಿಕಥೆ ಕೇಳಿದಂತಾಯಿತು. ‘ತುಂಬು ಗರ್ಭಿಣಿ’ ಪತ್ರಿಕೆಯವರ ಮಾತು. ಹೊಟ್ಟೆ ಸ್ವಲ್ಪ ಕಂಡರೆ ಸಾಕು, ಏಳನೇ ತಿಂಗಳಲ್ಲೂ ತುಂಬು ಗರ್ಭಿಣಿಯೇ. ಒಬ್ಬ ಹಿರಿಯರು ‘ಪರಿಪೂರ್ಣ ಕಾಲಾವಧಿ’ ಎಂದು ಹೇಳಿಕೊಟ್ಟರು. ನಮಸ್ಕಾರ ಮಾಡಿ ಎದ್ದು ಬಂದೆ.

ದಾರಿ ಸಿಕ್ಕಿದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಹುಬ್ಬಳ್ಳಿಯಿಂದ ವಾಪಸ್ ಬರುತ್ತಿದ್ದೆ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು.

“ಸೊಸಿಗೆ ಎಷ್ಟು ತಿಂಗಳ್ರೀ?”

“ಒಂಬತ್ತರಾಗ ಬಿದ್ದಾವ. ಇನ್ನೂ ತುಂಬಿಲ್ಲ.”

ನಾನು ನವನಗರದಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ. ‘ಬೀಳುವುದು’ ಬೇರೆ, ‘ತುಂಬುವುದು’ ಬೇರೆ! ಒಂಬತ್ತರಲ್ಲಿ ಬಿದ್ದರೆ ಎಂಟು ತುಂಬಿದೆ ಅಷ್ಟೇ, ಅಂದರೆ ಸುಮಾರು 35 ವಾರ. 37 ವಾರ ತುಂಬುವ ಮೊದಲು ಹುಟ್ಟಿದರೆ ಅದು ದಿನ ತುಂಬದ ಕೂಸು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವೂ ಅದೇ, ಅವರೂ ಮುಗಿದ ವಾರಗಳನ್ನೇ ಎಣಿಸುತ್ತಾರೆ. ‘ಒಂಬತ್ತನೇ ತಿಂಗಳು’ ಎಂದು ಬರೆದ ನನ್ನ ಹಳೆಯ ಕರಪತ್ರಗಳು ನೆನಪಾಗಿ ಬೆವರು ಬಂತು. ಎರಡು ವಾರದ ವ್ಯತ್ಯಾಸವನ್ನು ಆ ಅಜ್ಜಿ ಒಂದು ಕ್ರಿಯಾಪದದಲ್ಲಿ ಮುಗಿಸಿದ್ದಳು.

ಮನೆಗೆ ಬಂದವನೇ ಪದಪಟ್ಟಿ ತೆರೆದು ‘ದಿನ ತುಂಬಿದ’ ಅಂತ ಬರೆದೆ. ಗರ್ಭಿಣಿಗೂ ಅದೇ, ಪಂಚಾಯ್ತಿಗೂ ಅದೇ. ಗೆದ್ದೆ ಅಂದುಕೊಂಡೆ.

ಮುಂದಿನ ತಿಂಗಳು ಹಾವೇರಿ ಕಡೆಯ ಒಂದು ಸಮಾರಂಭಕ್ಕೆ ಆಮಂತ್ರಣ ಪತ್ರಿಕೆ ಮಾಡುವ ಕೆಲಸ ಬಂತು. ಸುಮ್ನೆ ಇರಬೇಕಿತ್ತು. ನನ್ನ ಹೊಸ ಪದ ಹಾಕಿದೆ: ‘ದಿನ ತುಂಬಿದ ಅಧ್ಯಕ್ಷರಿಗೆ ಬೀಳ್ಕೊಡುಗೆ’. ಬೆಳಿಗ್ಗೆ ಏಳಕ್ಕೆ ಫೋನ್. “ಏನ್ರೀ, ನಾ ಇನ್ನೂ ಬದುಕೇನಿ!” ಬಸುರಿಗೆ ದಿನ ತುಂಬಿದರೆ ಮನೆಗೆ ಕೂಸು ಬರುತ್ತದೆ. ಗಂಡಸಿನ ದಿನ ತುಂಬಿದರೆ ಚಟ್ಟ ಕಟ್ಟಬೇಕು. ಇಷ್ಟು ವರ್ಷ ಕನ್ನಡದಲ್ಲೇ ಅನ್ನ ತಿಂದವನಿಗೆ ಇದು ಹೊಳೆಯಲಿಲ್ಲ ಅಂದರೆ ಏನು ಹೇಳುವುದು. ಮುನ್ನೂರು ಪತ್ರಿಕೆ, ಇನ್ನೂ ಸಾವಿರದ ಎಂಟುನೂರು ಹೋಯಿತು. ಬೆಂಗಳೂರಿನ ಒಂದು ಏಜೆನ್ಸಿಯವರು ಇದನ್ನು ಕೇಳಿ, “ಹಳ್ಳಿ ಮಾತು ತಂದರೆ ಹೀಗೇ ಸರ್, ಪೂರ್ಣಾವಧಿಯೇ ಇರಲಿ” ಅಂದರು. ಎರಡು ತಿಂಗಳು ಕೆಲಸವನ್ನೂ ಕೊಡಲಿಲ್ಲ.

ಬಿಡಲಿಲ್ಲ. ತಪ್ಪು ‘ತುಂಬು’ವಿನಲ್ಲಿ ಇರಲಿಲ್ಲ, ‘ದಿನ’ದಲ್ಲಿತ್ತು. ‘ದಿನ’ ತೆಗೆದು ಅಲ್ಲಿ ಅಂಕಿ ಕೂರಿಸಿದೆ. ‘39 ವಾರ ತುಂಬಿದ ಬಸುರಿ.’ ‘30 ತಿಂಗಳು ತುಂಬಿಸಿದ ಅಧ್ಯಕ್ಷರು.’ ವಿಷಯ ಇಷ್ಟೇ. ತಾನಾಗಿ ಆಗುವುದಕ್ಕೆ ‘ತುಂಬಿದ’, ಕುರ್ಚಿಯಲ್ಲಿ ಜಗ್ಗಾಡಿ ಉಳಿಸಿಕೊಂಡದ್ದಕ್ಕೆ ‘ತುಂಬಿಸಿದ’.

ಅಂಕಿ ಹಾಕುವುದಕ್ಕೆ ಶುರು ಮಾಡಿದ ಮೇಲೆ ಇನ್ನೊಂದು ಲಾಭ ಆಯಿತು. ಮೂಲದಲ್ಲಿ ಬರೆದವರಿಗೇ ಎಷ್ಟು ಎಂದು ಗೊತ್ತಿರುವುದಿಲ್ಲ, ಅದು ಹೊರಬರುತ್ತದೆ. ನಾನು ಕೇಳುತ್ತೇನೆ: ನಿಮ್ಮ ಫುಲ್ ಟರ್ಮ್ 37 ವಾರವೋ 39 ವಾರವೋ? ಮೊದಲು 37 ದಾಟಿದರೆ ಎಲ್ಲ ಒಂದೇ ಎನ್ನುತ್ತಿದ್ದರು. 2013ರಲ್ಲಿ ಅಮೆರಿಕದ ಹೆರಿಗೆ ತಜ್ಞರ ಸಂಘ ಅದನ್ನು ಒಡೆದು, 39 ವಾರದಿಂದ 40 ವಾರ 6 ದಿನದವರೆಗೆ ಮಾತ್ರ ಫುಲ್ ಟರ್ಮ್ ಅಂದಿತು. ಪಂಚಾಯ್ತಿಯಲ್ಲೂ ಇದೇ ಗೋಳು. ಗ್ರಾಮ ಪಂಚಾಯ್ತಿಯ ಅವಧಿ ಮೊದಲ ಸಭೆಯಿಂದ 5 ವರ್ಷ, ಅಧ್ಯಕ್ಷರದ್ದು ಎರಡೂವರೆ. ‘ಪೂರ್ಣಾವಧಿ ಅಧ್ಯಕ್ಷ’ ಅಂದರೆ ಯಾವುದು? ನಮ್ಮ ಅವಳಿ ನಗರದ ಮೇಯರ್‌ಗೆ ಒಂದೇ ವರ್ಷ. ಪಂಚಾಯ್ತಿ ನಡುವೆ ವಿಸರ್ಜನೆ ಆಗಿ ಮತ್ತೆ ಚುನಾವಣೆ ಆದರೆ ಹೊಸಬರಿಗೆ ಸಿಗುವುದು ಉಳಿದ ಅವಧಿ ಮಾತ್ರ. ಅವರು ಐದು ವರ್ಷ ತುಂಬಿಸುವ ಮಾತೇ ಇಲ್ಲ.

ವಾಕ್ಯ ಪರೀಕ್ಷೆ ಮಾಡಲು ನಮ್ಮ ಕಡೆಯ ಮುಖ್ಯಮಂತ್ರಿಗಳನ್ನೇ ಹಿಡಿದೆ. ಎಸ್. ಆರ್. ಬೊಮ್ಮಾಯಿ 1988ರ ಆಗಸ್ಟಿನಲ್ಲಿ ಬಂದು 1989ರ ಏಪ್ರಿಲ್‌ನಲ್ಲಿ ಹೋದರು. ಒಂಬತ್ತು ತಿಂಗಳೂ ತುಂಬಲಿಲ್ಲ, ನೋಡಿ, ಎರಡೂ ಅರ್ಥ ಒಂದೇ ವಾಕ್ಯದಲ್ಲಿ ಬಂತು. ಜಗದೀಶ ಶೆಟ್ಟರ್ 2012ರಿಂದ 13, ಬಸವರಾಜ ಬೊಮ್ಮಾಯಿ 2021ರಿಂದ 23. ಮೂವರಲ್ಲಿ ಒಬ್ಬರೂ ಐದು ತುಂಬಿಸಲಿಲ್ಲ. ದೇವರಾಜ ಅರಸು ನಂತರ ತುಂಬಿಸಿದ್ದು 2013ರಲ್ಲಿ ಬಂದ ಸಿದ್ದರಾಮಯ್ಯ. ಈ ನಾಲ್ಕು ವಾಕ್ಯಗಳನ್ನು ಚಹಾ ಅಂಗಡಿಯಲ್ಲಿ ಓದಿ ಹೇಳಿದೆ. ಯಾರೂ ಅರ್ಥ ಕೇಳಲಿಲ್ಲ, ಜಗಳ ಮಾತ್ರ ಶುರುವಾಯಿತು.

ಜೋರು ಬಂದು ಒಂದು ಸಹಕಾರಿ ಸಂಘದ ಸೂಚನೆಯಲ್ಲೂ ಇದನ್ನೇ ಹಾಕಿದೆ: ‘ಐದು ವರ್ಷ ತುಂಬಿದ ಸದಸ್ಯರು ಅರ್ಜಿ ಕೊಡಬಹುದು’. ಅಲ್ಲಿ ಮತ್ತೆ ಬಿದ್ದೆ. ನಮ್ಮಲ್ಲಿ ಕರೆಂಟ್ ಬಿಲ್ಲೂ ತುಂಬುವುದೇ, ಫೀಜೂ ತುಂಬುವುದೇ. ಐದು ವರ್ಷ ಕಂತು ತುಂಬಿದವರು ಎಂದು ಓದಿಕೊಂಡು ಹತ್ತಿಪ್ಪತ್ತು ಜನ ರಸೀದಿ ಹಿಡಿದು ಬಂದಿದ್ದರಂತೆ. ಹಾಗಾಗಿ ದುಡ್ಡಿನ ಮಾತು ಇರುವಲ್ಲಿ ‘ತುಂಬು’ ಬೇಡವೇ ಬೇಡ, ‘ಆದ’ ಸಾಕು. ಇನ್ನೊಂದು: 42 ವಾರ ದಾಟಿದ್ದಕ್ಕೆ ‘ಅವಧಿ ಮೀರಿದ’ ಅನ್ನಬೇಡಿ. ಅದು ಹಳತಾದ ಗುಳಿಗೆಗೆ ಅನ್ನುವ ಮಾತು.

‘ದಿನ’ದ ಪಕ್ಕ ಅಧ್ಯಕ್ಷ, ಸದಸ್ಯ, ಶಾಸಕ ಬಂದರೆ ಆ ಸಾಲು ಕೆಂಪಾಗುವ ಹಾಗೆ ನನ್ನ ಫೈಲಿನಲ್ಲಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇನೆ. ಹೇಗೆ ಅಂತ ಕೇಳಬೇಡಿ, ಅದು ನನ್ನ ಅನ್ನ. ಕರಪತ್ರ ಅಚ್ಚಿಗೆ ಹೋಗುವ ಮೊದಲು ಯಾರಿಗೆ ಓದಿಸುತ್ತೇನೆ ಅನ್ನುವುದನ್ನೂ ಹೇಳುವುದಿಲ್ಲ. ಆಶಾ ಅಕ್ಕಾರು ಒಬ್ಬರು, ಅಷ್ಟು ಸಾಕು.

ಆ ಏಜೆನ್ಸಿಯವರು ಹೋದ ವರ್ಷ ಅವರೇ ಫೋನ್ ಮಾಡಿದರು. ಅವರ ‘ಪೂರ್ಣಾವಧಿ’ ಕರಪತ್ರ ಎಲ್ಲೋ ವಾಪಸ್ ಬಂದಿತ್ತಂತೆ. ಪದಕ್ಕೆ ಎಂಬತ್ತು ಪೈಸೆ ಕೊಡುತ್ತಿದ್ದವರು ಈಗ ಒಂದು ರೂಪಾಯಿ ಇಪ್ಪತ್ತು ಕೊಡುತ್ತಾರೆ. ‘ತುಂಬಿದ’ ಬಗ್ಗೆ ಆಮೇಲೆ ಮಾತೇ ಎತ್ತಿಲ್ಲ. ಅಟ್ಟದ ಮೇಲಿನ ಕರಪತ್ರಗಳನ್ನು ಪ್ರೆಸ್ಸಿನವರು ಈಗ ಒಂದೊಂದಾಗಿ ಇಳಿಸಿ ಹಿಂದಿನ ಖಾಲಿ ಮಗ್ಗುಲಲ್ಲಿ ಲೆಕ್ಕ ಬರೆಯುತ್ತಾರೆ. ನನ್ನ ಹಳೇ ಬಾಕಿ ಬರೆದುಕೊಟ್ಟಿದ್ದೂ ಅದರ ಮೇಲೇ.